ಗೃಹಾರೋಗ್ಯ: ಪಿತ್ತಕೋಶವನ್ನು ತೆಗೆಯಿಸಿಕೊಂಡವರ ಊಟೋಪಚಾರ

ನೇಸರಗಿಯ ವಾಚಕರೊಬ್ಬರು ನಮ್ಮನ್ನು ಹೀಗೆ ಕೇಳಿರುವರು: ಅವರ ತಾಯಿಯವರಿಗೆ ಪಿತ್ತಕೋಶದಲ್ಲಿ ಹರಳುಗಳಾದ ಕಾರಣ ಆರು ತಿಂಗಳ ಹಿಂದೆ ಬೆಳಗಾವಿಯಲ್ಲಿ ಅದನ್ನು ತೆಗೆಯಿಸಲಾಯಿತು. ಗಾಯವು ಚೆನ್ನಾಗಿ ಮಾಯ್ದಿದೆ. ಆದರೆ ಇನ್ನು ಜನ್ಮವಿಡೀ ಎಣ್ಣೆ-ತುಪ್ಪಗಳನ್ನು ಮುಟ್ಟಬಾರದೆಂದು ನೆರೆಹೊರೆಯವರು ಹೇಳಿದ್ದನ್ನು ನಂಬಿ, ಆ ತಾಯಿಯು ಒಣ ರೊಟ್ಟಿಯನ್ನು ನೀರುಮಜ್ಜಿಗೆಯಲ್ಲಿ ನೆನೆಯಿಸಿ ಉಣ್ಣುತ್ತ ದಿನದಿನಕ್ಕೆ ಸೊರಗುತ್ತಿರುವರು. ಈ ಪಥ್ಯವು ಯೋಗ್ಯವೇ?

ಯೋಗ್ಯವಲ್ಲವೆಂದೇ ನಮ್ಮ ಉತ್ತರವು. ಇಂಥ ಪಥ್ಯವು ಅನೇಕ ಮನೆಗಳಲ್ಲಿ ನಡೆದಿರುವದರಿಂದ ಅದರ ಕಾರಣವನ್ನು ತುಸು ವಿವರಿಸುವೆವು.

ಪಿತ್ತರಸವು ಹುಟ್ಟುವದು ಪಿತ್ತಕೋಶದಲ್ಲಿ ಅಲ್ಲ, ಯಕೃತ್ತಿನಲ್ಲಿ. ಯಕೃತ್ತು ದಿನಕ್ಕೆ ಸುಮಾರು ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸವನ್ನು ಸ್ರವಿಸುತ್ತದೆ. ಪಿತ್ತಕೋಶವು 30ರಿಂದ 50 ಮಿಲಿಲೀಟರು ಹಿಡಿಯುವ ಒಂದು ಚಿಕ್ಕ ಚೀಲವು. ಅದು ಆ ರಸವನ್ನು ಕೂಡಿಟ್ಟು, ಮಂದಗೊಳಿಸಿ, ಜಿಡ್ಡಿನ ಊಟವು ಬಂದಾಗ ಒಮ್ಮೆಲೆ ಕರುಳಿಗೆ ಬಿಡುತ್ತದೆ. ಹೊಲದ ಬಾವಿಯ ನೀರು ಮೊದಲು ತೊಟ್ಟಿಯಲ್ಲಿ ತುಂಬಿ ಬಳಿಕ ಕಾಲುವೆಗೆ ಹರಿಯುವಂತೆ ಈ ವ್ಯವಸ್ಥೆಯು. ಈಗ ತೊಟ್ಟಿ ಹೋಗಿದೆ, ಬಾವಿಯು ಬತ್ತಿಲ್ಲ. ನೀರು ಸಣ್ಣಗೆ ಹಗಲಿರುಳೂ ಹರಿಯುತ್ತಲೇ ಇರುವದು. ಪಿತ್ತವು ಮೈಗೆಲ್ಲ ಹರಡುವದೆಂಬ ಅಂಜಿಕೆಗೂ ಆಧಾರವಿಲ್ಲ. ಅದು ತನ್ನ ನಾಳದಿಂದ ಕರುಳಿಗೇ ಇಳಿಯುವದು.

ಆದುದರಿಂದ ನಿಯಮವು ಇಷ್ಟೇ: ಜಿಡ್ಡನ್ನು ಬಿಡುವದಲ್ಲ, ಹಂಚಿಕೊಳ್ಳುವದು. ಜಿಡ್ಡು ಸ್ವಲ್ಪವೂ ಇಲ್ಲದಿದ್ದರೆ ಎ, ಡಿ, ಇ, ಕೆ ಎಂಬ ಜೀವಸತ್ತ್ವಗಳು ಮೈಗೆ ಹತ್ತುವದಿಲ್ಲ.

ಶಸ್ತ್ರಕ್ರಿಯೆಯಾದ ಮೊದಲ ಕೆಲವು ದಿನ ಮೆತ್ತಗಿನ ಅನ್ನ, ಹೆಸರುಬೇಳೆಯ ತಿಳಿಸಾರು, ಜೋಳದ ನುಚ್ಚು, ಕೆನೆ ತೆಗೆದ ಮೊಸರು, ಬಾಳೆಯ ಹಣ್ಣು ಇವು ಹಿತಕರವು. ಕರಿದ ಪದಾರ್ಥ, ಹೆಚ್ಚು ಖಾರ, ಮೇಲಿಂದ ಮೇಲೆ ಚಹಾ ಇವುಗಳನ್ನು ದೂರವಿಡತಕ್ಕದ್ದು. ಬಳಿಕ ಊಟಕ್ಕೆ ಒಂದು ಚಿಕ್ಕ ಚಮಚೆಯಷ್ಟು ಎಣ್ಣೆಯ ಪಲ್ಲೆಯಿಂದ ಆರಂಭಿಸಿ, ಹೊಟ್ಟೆಯು ಒಪ್ಪಿದಂತೆ ಮೆಲ್ಲಗೆ ರೂಢಿಯ ಊಟಕ್ಕೆ ಬರಬಹುದು. ಬಹುಜನರು ಕೆಲವೇ ವಾರಗಳಲ್ಲಿ ಹಾಗೆ ಬರುವರು. ಎರಡು ಹೊತ್ತು ತುಂಬ ಉಣ್ಣುವದಕ್ಕಿಂತ ನಾಲ್ಕೈದು ಹೊತ್ತು ತುಸುತುಸು ಉಣ್ಣುವದು ಲೇಸು.

ನಮ್ಮ ಭಾಗದ ಅಡಿಗೆಯಲ್ಲಿ ಕಣ್ಣಿಗೆ ಕಾಣದ ಎಣ್ಣೆಯೂ ಉಂಟು. ಶೇಂಗಾಕಾಳು ತನ್ನ ತೂಕದ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯನ್ನೇ ಹೊತ್ತಿರುವದು. ಗುರೆಳ್ಳು, ಅಗಸಿಗಳಲ್ಲಿಯೂ ಅದು ಬಹಳ. ಪಲ್ಲೆಗೆ ಎಣ್ಣೆ ಹಾಕಲಿಲ್ಲವೆಂದು ರೊಟ್ಟಿಯ ಮೇಲೆ ಹಿಡಿಗಟ್ಟಲೆ ಶೇಂಗಾಹಿಂಡಿ ಬಡಿಸಿದರೆ ಆ ಪಥ್ಯಕ್ಕೆ ಅರ್ಥವಿಲ್ಲ. ಚಮಚೆಯಷ್ಟು ಹಿಂಡಿಯಿಂದ ಬಾಧೆಯಿಲ್ಲ. ಎಣಗಾಯಿಯೂ ಹಾಗೆಯೇ: ಒಂದು ಕಾಯಿ ಸಾಕು.

ಹೆಚ್ಚು ಎಚ್ಚರವಿರಬೇಕಾದುದು ಒಪ್ಪತ್ತಿನ ದಿನ ಹಾಗೂ ಹಬ್ಬದ ದಿನ. ಶ್ರಾವಣ ಸೋಮವಾರ ಹಗಲೆಲ್ಲ ಉಪವಾಸವಿದ್ದು ಸಂಜೆಗೆ ಹೋಳಿಗೆ-ತುಪ್ಪ, ಭಜಿಗಳನ್ನು ಒಮ್ಮೆಲೆ ಉಂಡರೆ, ಕೂಡಿಟ್ಟ ಪಿತ್ತವಿಲ್ಲದ ಕರುಳಿಗೆ ಅದು ಭಾರವಾಗುವದು. ಎಳ್ಳಮಾವಾಸ್ಯೆಯ ಚರಗದ ಬುತ್ತಿಯಲ್ಲಿ ಅರ್ಧ ಹೋಳಿಗೆ ಉಣ್ಣಲು ಯಾರ ಅಡ್ಡಿಯೂ ಇಲ್ಲ. ಸಿಹಿಯನ್ನು ಒಂದೇ ಹೊತ್ತಿಗೆ ಮುಗಿಸದೆ ಮರುದಿನಕ್ಕೂ ಇಟ್ಟುಕೊಳ್ಳಲಿ.

ಕೆಲವರಿಗೆ ಉಂಡೊಡನೆ ಭೇದಿಯಾಗುವದುಂಟು. ಪಿತ್ತರಸವು ಹೆಚ್ಚಾಗಿ ದೊಡ್ಡ ಕರುಳಿಗೆ ಇಳಿದು ನೀರನ್ನು ಸೆಳೆಯುವದೇ ಇದಕ್ಕೆ ಕಾರಣವು. ಬಹುಮಟ್ಟಿಗೆ ಇದು ತಾನಾಗಿ ಕಡಿಮೆಯಾಗುತ್ತದೆ. ವಾರಗಟ್ಟಲೆ ನಿಲ್ಲದಿದ್ದರೆ ನಾಚಿಕೊಂಡು ಮುಚ್ಚಿಡಬಾರದು. ಆ ಪಿತ್ತವನ್ನು ಹಿಡಿದಿಡುವ ಔಷಧವನ್ನು ಡಾಕ್ಟರರು ಕೊಡಬಲ್ಲರು.

ಈ ಶಸ್ತ್ರಕ್ರಿಯೆಯು ಹೊಸದಲ್ಲ. 1882ರಲ್ಲಿ ಬರ್ಲಿನ್ ನಗರದಲ್ಲಿ ಕಾರ್ಲ್ ಲಾಂಗೆನ್‌ಬುಖ್ ಎಂಬ ವೈದ್ಯರು ಇದನ್ನು ಮೊದಲು ಮಾಡಿದರು. ಸಣ್ಣ ರಂಧ್ರಗಳಿಂದ ಮಾಡುವ ಪದ್ಧತಿಯನ್ನು ನಮ್ಮ ದೇಶದಲ್ಲಿ 1990ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್‌ಟನ್ ಉದ್ವಾಡಿಯಾ ಅವರು ಆರಂಭಿಸಿದರು. ಹೀಗೆ ಮಾಡಿಸಿಕೊಂಡವರು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಮನೆಗೆಲಸಕ್ಕೆ ಮರಳುವರು. ಹೊಟ್ಟೆಯನ್ನು ಕೊಯ್ದು ಮಾಡಿದ್ದರೆ ಆರೆಂಟು ವಾರ ಬೇಕಾಗುವದು. ನೀರಿನ ಕೊಡ, ಮೇವಿನ ಹೊರೆಗಳನ್ನು ಮಾತ್ರ ಡಾಕ್ಟರರ ಅಪ್ಪಣೆಯಿಲ್ಲದೆ ಎತ್ತಬಾರದು. ಸೊಸೆಯಂದಿರೂ ಗಂಡುಮಕ್ಕಳೂ ಇದನ್ನು ನೆನಪಿನಲ್ಲಿಡತಕ್ಕದ್ದು.

ಚಳಿಜ್ವರ, ಕಣ್ಣು ಹಳದಿಯಾಗುವದು, ಮೂತ್ರವು ಕಪ್ಪೇರುವದು, ಮಲವು ಬಿಳಿಚುವದು, ಮೇಲುಹೊಟ್ಟೆಯಲ್ಲಿ ತಡೆಯಲಾರದ ನೋವು ಇವುಗಳಲ್ಲಿ ಯಾವುದು ಕಂಡರೂ ಕಷಾಯ ಕುಡಿಸುತ್ತ ಕಾಲ ಕಳೆಯದೆ ಕೂಡಲೆ ದವಾಖಾನೆಗೆ ಒಯ್ಯಬೇಕು. ನಾಳದಲ್ಲಿ ಹರಳು ಉಳಿದಿರುವ ಸಂಭವವುಂಟು.

ನೇಸರಗಿಯ ವಾಚಕರು ತಮ್ಮ ತಾಯಿಯವರನ್ನು ಒಮ್ಮೆ ಡಾಕ್ಟರರಿಗೆ ತೋರಿಸಿ, ತೂಕವಿಳಿದುದಕ್ಕೆ ಬೇರೆ ಕಾರಣವಿಲ್ಲವೆಂದು ಖಾತ್ರಿ ಮಾಡಿಕೊಳ್ಳಲಿ. ಬಳಿಕ ಆ ಒಣ ರೊಟ್ಟಿಯ ಜೊತೆಗೆ ಹೆಸರುಕಾಳಿನ ಪಲ್ಲೆಯನ್ನೂ, ಬಿಸಿ ಅನ್ನದ ಮೇಲೆ ಅರ್ಧ ಚಮಚೆ ತುಪ್ಪವನ್ನೂ ಬಡಿಸಲಿ. ಮನೆಯವರ ನಡುವೆಯೇ ಅವರನ್ನೂ ಕೂಡ್ರಿಸಿ ಉಣಿಸಲಿ. ಅಂಜಿಕೆಯಿಂದ ಹಿಡಿದ ಪಥ್ಯವನ್ನು ಮನೆಯವರ ಅಕ್ಕರೆಯೇ ಬಿಡಿಸಬೇಕು.