ಬರ ಹೊಲದಲ್ಲೇ ನಿಲ್ಲುವುದೆಂದು ಯಾರು ಹೇಳಿದರು?

2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಚಿತ್ರದುರ್ಗ ಜಿಲ್ಲೆಗೆ ಜಿಲ್ಲೆಯೇ ಮಾರಿಕಣಿವೆಯತ್ತ ಮುಖ ಮಾಡಿತ್ತು. 1907ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟು 1933ರಲ್ಲಿ ತುಂಬಿ ಹರಿದದ್ದನ್ನು ಬಿಟ್ಟರೆ ಮುಂದಿನ 89 ವರ್ಷ ಕೋಡಿಯ ಮುಖವನ್ನೇ ಕಂಡಿರಲಿಲ್ಲ. ಬಾಗಿನ, ಭಾಷಣ, ಭಾವಚಿತ್ರಗಳ ಸಂಭ್ರಮ ಇನ್ನೂ ನೆನಪಿನಲ್ಲಿರುವಾಗಲೇ ಮರುವರ್ಷದ ಮುಂಗಾರು ಕೈಕೊಟ್ಟಿತು. 2023ರ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಎನಿಸಿತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳೆಲ್ಲವೂ ಆ ಪಟ್ಟಿಯಲ್ಲಿದ್ದವು. ಮಳೆನೆರಳಿನ ಈ ಸೀಮೆಗೆ ಬರವೇನೂ ಹೊಸತಲ್ಲ. ನಮ್ಮ ತಕರಾರು ಇರುವುದು ಬರವನ್ನು ಲೆಕ್ಕ ಹಾಕುವ ರೀತಿಯ ಬಗ್ಗೆ.

ಕೇಂದ್ರ ಸರಕಾರ 2016ರಲ್ಲಿ ಹೊರಡಿಸಿದ ಬರ ನಿರ್ವಹಣಾ ಕೈಪಿಡಿಯು ಬರವನ್ನು ಗುರುತಿಸಲು ಹಲವು ಅಳತೆಗೋಲುಗಳನ್ನು ಕೊಟ್ಟಿದೆ: ಮಳೆಯ ಕೊರತೆ, ಬಿತ್ತನೆಯಾದ ಪ್ರದೇಶ, ಮಣ್ಣಿನ ತೇವಾಂಶ, ಉಪಗ್ರಹದ ಕಣ್ಣಿಗೆ ಕಾಣುವ ಹಸಿರು, ಜಲಾಶಯ ಮತ್ತು ಅಂತರ್ಜಲದ ಮಟ್ಟ. ಎಲ್ಲವೂ ಬೇಕಾದವೇ. ಆದರೆ ಸಂತೆಯಲ್ಲಿ ಎಷ್ಟು ವ್ಯಾಪಾರವಾಯಿತು, ಮಂಡಿಗೆ ಎಷ್ಟು ಮೂಟೆ ಬಂತು, ಎಷ್ಟು ಅಂಗಡಿಗಳ ಬಾಗಿಲು ಅರ್ಧಕ್ಕೆ ಇಳಿಯಿತು ಎಂದು ಕೇಳುವ ಒಂದು ಅಳತೆಯೂ ಅದರಲ್ಲಿಲ್ಲ. ಆಕಾಶದಿಂದ ಹೊಲದ ಹಸಿರನ್ನು ಎಣಿಸಬಲ್ಲ ಸರಕಾರಕ್ಕೆ ಹೊಳಲ್ಕೆರೆಯ ಬಸ್ ನಿಲ್ದಾಣದ ಎದುರಿನ ದರ್ಜಿ ಕಾಣಿಸುವುದಿಲ್ಲ.

ನಮ್ಮ ಪೇಟೆಗಳು ಬದುಕಿರುವುದು ಯಾವುದರ ಮೇಲೆ? ಹೊಳಲ್ಕೆರೆಯಲ್ಲಿ ಮೆಕ್ಕೆಜೋಳ ಮತ್ತು ಅಡಿಕೆ, ಹೊಸದುರ್ಗದಲ್ಲಿ ತೆಂಗು ಮತ್ತು ದಾಳಿಂಬೆ, ಹಿರಿಯೂರಿನಲ್ಲಿ ಶೇಂಗಾ ಮತ್ತು ಈರುಳ್ಳಿ, ಚಿತ್ರದುರ್ಗ ತಾಲೂಕಿನ ಭೀಮಸಮುದ್ರದಲ್ಲಿ ಅಡಿಕೆಯ ವಹಿವಾಟು. ಬೆಳೆ ಕೈಗೆ ಬಂದ ವಾರ ಬಟ್ಟೆ ಅಂಗಡಿಯಲ್ಲಿ ಜನ, ಬಂಗಾರದಂಗಡಿಯಲ್ಲಿ ಜನ, ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಸರದಿ. ಬೆಳೆ ಹೋದ ವರ್ಷ ಮೊದಲು ನಿಲ್ಲುವುದು ಮದುವೆಯ ಜವಳಿ. ಬಳಿಕ ಮನೆ ಕಟ್ಟುವ ಕೆಲಸ ನಿಲ್ಲುತ್ತದೆ. ಅದರೊಡನೆ ಗಾರೆಯವನು, ವೆಲ್ಡಿಂಗಿನವನು, ಬಣ್ಣ ಬಳಿಯುವವನು ಕೈಕಟ್ಟಿ ಕೂರುತ್ತಾರೆ. ಮೂಟೆಯಿಲ್ಲದ ಮಂಡಿಯಲ್ಲಿ ಹಮಾಲನಿಗೇನು ಕೆಲಸ? ಸರಕಿಲ್ಲದ ರಸ್ತೆಯಲ್ಲಿ ಲಗೇಜ್ ಆಟೋದವನಿಗೇನು ಬಾಡಿಗೆ? ಇವರಲ್ಲಿ ಒಬ್ಬನ ಹೆಸರಿನಲ್ಲೂ ಒಂದು ಗುಂಟೆ ಜಮೀನಿಲ್ಲದಿರಬಹುದು. ಆದರೂ ಇವರೆಲ್ಲರೂ ಮಳೆಯನ್ನು ನಂಬಿಯೇ ಒಲೆ ಹಚ್ಚುವವರು. ನಮ್ಮ ಸಮುದಾಯದ ಎಷ್ಟು ಮನೆಗಳು ಈ ಕಸುಬುಗಳಿಂದ ನಡೆಯುತ್ತಿವೆಯೆಂಬುದನ್ನು ಓದುಗರಿಗೆ ಬೇರೆ ಹೇಳಬೇಕಾಗಿಲ್ಲ.

ಇದಕ್ಕಿಂತಲೂ ಮುಖ್ಯವಾದದ್ದು ಉದ್ರಿ ಪುಸ್ತಕ. ಬೀಜ, ಗೊಬ್ಬರ, ಕಿರಾಣಿ, ಬಟ್ಟೆ, ಪಂಪ್‌ಸೆಟ್ ರಿಪೇರಿ ಎಲ್ಲವೂ ಸುಗ್ಗಿಯ ತನಕ ಉದ್ರಿಯ ಮೇಲೆಯೇ ಸಾಗುವುದು. ಬ್ಯಾಂಕಿನ ಬಾಗಿಲು ತೆರೆಯದ ಸಣ್ಣ ರೈತನಿಗೆ ಆ ಅಂಗಡಿಯೇ ಬ್ಯಾಂಕು. ಬೆಳೆ ಹೋದರೆ ರೈತ ಬಾಕಿ ತೀರಿಸಲಾರ. ಅಂಗಡಿಯವನು ತನಗೆ ಸರಕು ಕೊಟ್ಟ ಸಗಟು ವ್ಯಾಪಾರಿಗೆ ಕೊಡಲಾರ. ಸಗಟಿನವನು ಸರಕು ಕಳಿಸುವುದನ್ನು ನಿಲ್ಲಿಸುತ್ತಾನೆ. ಮರುವರ್ಷ ಮಳೆ ಬಂದರೂ ಅಂಗಡಿಯಲ್ಲಿ ಉದ್ರಿ ಕೊಡಲು ಬಂಡವಾಳವಿರುವುದಿಲ್ಲ. ಆಗ ಅದೇ ರೈತ ಮೀಟರ್ ಬಡ್ಡಿಯವನ ಮನೆಗೆ ನಡೆಯುತ್ತಾನೆ, ಅವನ ಹಿಂದೆಯೇ ಅಂಗಡಿಯವನೂ! ಪೇಟೆಗೆ ನೆರವು ಕೊಟ್ಟರೆ ರೈತನ ಪಾಲು ಕಸಿದಂತೆ ಎಂದು ವಾದಿಸುವವರು ಈ ಸರಪಳಿಯನ್ನು ಒಮ್ಮೆಯಾದರೂ ಕೊಂಡಿಕೊಂಡಿಯಾಗಿ ನೋಡಬೇಕು. ಬರದಲ್ಲಿ ಲಾಭ ಮಾಡುವವರೂ ಇದ್ದಾರೆ. ನೀರಿನ ಟ್ಯಾಂಕರಿನವರು, ಕೊಳವೆಬಾವಿ ಕೊರೆಯುವವರು, ಬಡ್ಡಿಯವರು. ಅವರ ವಹಿವಾಟನ್ನೇ ತೋರಿಸಿ ಪೇಟೆ ಚೆನ್ನಾಗಿದೆ ಎನ್ನುವುದು ಕ್ರೂರ ಹಾಸ್ಯ.

ಮಳೆ ಹೆಚ್ಚಾದರೂ ಕಥೆ ಬೇರೆಯಲ್ಲ. ಕೋಡಿಯ ಸಂಭ್ರಮದ ಅದೇ 2022ರಲ್ಲಿ ಜಲಾಶಯದ ಹಿನ್ನೀರು ಹೊಸದುರ್ಗ ತಾಲೂಕಿನ ತೋಟಗಳಿಗೆ ನುಗ್ಗಿತ್ತು. ಅತಿವೃಷ್ಟಿಯಲ್ಲಿ ಈರುಳ್ಳಿ ಕೊಳೆತರೆ ರೈತನೊಡನೆ ಚೀಲ ಹೊಲಿಯುವವಳು, ತೂಕ ಮಾಡುವವನು, ಲಾರಿಯವನು ಕೂಡ ಕಳೆದುಕೊಳ್ಳುತ್ತಾರೆ. ಪ್ರಕೃತಿ ಬಿಟ್ಟುಕೊಟ್ಟ ಅಷ್ಟಿಷ್ಟನ್ನು ದೆಹಲಿಯ ಆದೇಶ ಬಂದು ಮುಗಿಸುತ್ತದೆ. 2019ರ ಸೆಪ್ಟೆಂಬರಿನಲ್ಲಿ, 2020ರ ಸೆಪ್ಟೆಂಬರಿನಲ್ಲಿ, ಮತ್ತೆ 2023ರ ಡಿಸೆಂಬರಿನಲ್ಲಿ ಈರುಳ್ಳಿ ರಫ್ತನ್ನು ನಿಷೇಧಿಸಲಾಯಿತು. ಕೊನೆಯ ನಿಷೇಧ ತೆರವಾದದ್ದು 2024ರ ಮೇ ತಿಂಗಳಿನಲ್ಲಿ. ಹವಾಮಾನದ ಹೊಡೆತದಿಂದ ಫಸಲು ಕಡಿಮೆಯಾಗಿ ಬೆಲೆ ಏರಿದಾಗ ನಗರದ ಗ್ರಾಹಕನನ್ನು ಕಾಪಾಡುವ ನೆಪದಲ್ಲಿ, ಅಳಿದುಳಿದ ಮೂಟೆ ಹಿಡಿದು ನಿಂತವನ ಬೆನ್ನು ಮುರಿಯುವ ಈ ನೀತಿಗೆ ಅರ್ಥಶಾಸ್ತ್ರವೆಂಬ ಹೆಸರಿದೆ.

ಅರ್ಥಶಾಸ್ತ್ರಜ್ಞರ ಇನ್ನೊಂದು ಸಮಾಧಾನವನ್ನೂ ಕೇಳಿ ಕೇಳಿ ಕಿವಿ ತೂತಾಗಿದೆ. ದೇಶದ ಉತ್ಪನ್ನದಲ್ಲಿ ಕೃಷಿಯ ಪಾಲು ಐದನೇ ಒಂದಂಶಕ್ಕೂ ಕಡಿಮೆ, ಆದ್ದರಿಂದ ಮಳೆ ಕೈಕೊಟ್ಟರೂ ಬೆಳವಣಿಗೆಯ ದರ ಅಷ್ಟಾಗಿ ಕುಸಿಯದು ಎನ್ನುತ್ತಾರೆ. ದುಡಿಯುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಅದೇ ಕೃಷಿಯಲ್ಲಿದ್ದಾರೆಂಬುದನ್ನು ಅವರು ಹೇಳುವುದಿಲ್ಲ. ಆ ಅರ್ಧದಷ್ಟು ಮಂದಿಯೇ ಹಿರಿಯೂರಿನ ಬಟ್ಟೆ ಅಂಗಡಿಯ ಗ್ರಾಹಕರು. ಶೇಕಡಾವಾರು ಲೆಕ್ಕಕ್ಕೆ ಅಂಗಿ ಹೊಲಿಸುವ ಅಗತ್ಯವಿಲ್ಲ ನೋಡಿ!

ಇನ್ನು ಪರಿಹಾರದ ಮಾತು. 2023ರ ಬರಕ್ಕಾಗಿ ರಾಜ್ಯ 18,171 ಕೋಟಿ ರೂಪಾಯಿ ಕೇಳಿತು. ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ನಂತರ, 2024ರ ಏಪ್ರಿಲಿನಲ್ಲಿ, ಕೇಂದ್ರ ಬಿಡುಗಡೆ ಮಾಡಿದ್ದು 3,454 ಕೋಟಿ. ಒಕ್ಕೂಟ ವ್ಯವಸ್ಥೆಯ ಈ ಜಗಳ ಪತ್ರಿಕೆಗಳನ್ನು ತಿಂಗಳುಗಟ್ಟಲೆ ತುಂಬಿತು. ಬಂದ ಹಣವಾದರೂ ಹರಿದದ್ದು ಎಲ್ಲಿಗೆ? ಜಮೀನಿನ ದಾಖಲೆಗೆ ಜೋಡಿಸಿದ ಫ್ರೂಟ್ಸ್ ಗುರುತಿನ ಸಂಖ್ಯೆ ಇದ್ದವರ ಖಾತೆಗೆ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂ., ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿ. ಮೊತ್ತವೇ ಅಲ್ಪ, ರೈತನಿಗೆ ಅದು ಇನ್ನೂ ಹೆಚ್ಚಾಗಬೇಕು. ಆದರೆ ಪಹಣಿಯಿಲ್ಲದವನಿಗೆ, ಬಾಯಿಮಾತಿನ ಗುತ್ತಿಗೆಯಲ್ಲಿ ಹೊಲ ಮಾಡಿದವನಿಗೆ, ಕೂಲಿಯವಳಿಗೆ, ಪೇಟೆಯ ಕಸುಬುದಾರನಿಗೆ?

ಅವರನ್ನು ಗುರುತಿಸುವುದು ಕಷ್ಟವೆಂಬ ನೆಪವನ್ನು ಸರಕಾರ ಹೇಳುವಂತಿಲ್ಲ. ಕೊರೊನಾ ಎರಡನೇ ಅಲೆಯಲ್ಲಿ, 2021ರ ಮೇ ತಿಂಗಳಿನಲ್ಲಿ, ಇದೇ ರಾಜ್ಯ ಸರಕಾರ ಆಟೋ ಚಾಲಕರಿಗೆ 3,000 ರೂ., ದರ್ಜಿ, ಕ್ಷೌರಿಕ, ಮೆಕ್ಯಾನಿಕ್, ಹಮಾಲ, ಬೀದಿ ವ್ಯಾಪಾರಿ ಮುಂತಾದವರಿಗೆ 2,000 ರೂ. ಘೋಷಿಸಿತ್ತು. ಕೊಟ್ಟ ಹಣ ಸಾಲದೆಂಬುದು ಬೇರೆ ಮಾತು. ಕೊಡಲು ಸಾಧ್ಯವೆಂಬುದಂತೂ ಆಗಲೇ ಸಿದ್ಧವಾಗಿತ್ತು. ರೋಗ ಬಂದಾಗ ಕಂಡ ದರ್ಜಿ ಬರ ಬಂದಾಗ ಮಾಯವಾಗುವುದು ಹೇಗೆ?

ಕಾಗದದ ಮೇಲೆ ಇನ್ನೊಂದು ದಾರಿಯೂ ಇತ್ತು. ಪ್ರಕೃತಿ ವಿಕೋಪದ ಪ್ರದೇಶಗಳಲ್ಲಿ ಬ್ಯಾಂಕುಗಳು ಏನು ಮಾಡಬೇಕೆಂದು ರಿಸರ್ವ್ ಬ್ಯಾಂಕ್ 2018ರಲ್ಲಿ ನೀಡಿದ ನಿರ್ದೇಶನಗಳಲ್ಲಿ ಬೆಳೆಸಾಲದ ಮಾತಷ್ಟೇ ಇರಲಿಲ್ಲ. ವಿಕೋಪ ತೀವ್ರವಾಗಿದ್ದರೆ ಗ್ರಾಮೀಣ ಕುಶಲಕರ್ಮಿಗಳ, ವ್ಯಾಪಾರಿಗಳ, ಸಣ್ಣ ಉದ್ದಿಮೆಗಳ ಸಾಲದ ಮರುಪಾವತಿಯನ್ನೂ ಮುಂದೂಡಬೇಕೇ ಎಂದು ರಾಜ್ಯ ಮಟ್ಟದ ಬ್ಯಾಂಕರುಗಳ ಸಮಿತಿ ಅಥವಾ ಜಿಲ್ಲಾ ಸಲಹಾ ಸಮಿತಿ ತೀರ್ಮಾನಿಸಬಹುದಿತ್ತು. ಓದುಗರೇ, ನಿಮ್ಮ ಬ್ಯಾಂಕಿನವರು ಎಂದಾದರೂ ಈ ಮಾತನ್ನು ನಿಮಗೆ ಹೇಳಿದ್ದಾರೆಯೇ? ಕಂತು ತಪ್ಪಿದಾಗ ಕಳುಹಿಸುವ ನೋಟೀಸಿನಲ್ಲಿ ಅದನ್ನು ಬರೆದಿದ್ದಾರೆಯೇ?

ಬ್ಯಾಂಕಿಗೆ ಹೋಗದವರ ಪಾಡು ಇನ್ನೂ ಕೆಟ್ಟದ್ದು. ಸಾಲ ವಸೂಲಿಯ ಕಿರುಕುಳ ಮಿತಿಮೀರಿ 2025ರ ಫೆಬ್ರವರಿಯಲ್ಲಿ ರಾಜ್ಯ ಸುಗ್ರೀವಾಜ್ಞೆ ತರಬೇಕಾಯಿತು. ಇಲ್ಲಿ ನಾವು ನಮ್ಮನ್ನೂ ಕೇಳಿಕೊಳ್ಳಬೇಕಾಗಿದೆ. ಬಡ್ಡಿಯ ಕೆಡುಕಿನ ಬಗ್ಗೆ ಉಪದೇಶಕ್ಕೆ ನಮ್ಮಲ್ಲಿ ಬರವಿಲ್ಲ. ಆದರೆ ಬರದ ವರ್ಷದಲ್ಲಿ ಸರಕು ತುಂಬಲಾಗದೆ ನಿಂತ ಅಂಗಡಿಯವನಿಗೆ ಆರು ತಿಂಗಳ ಮಟ್ಟಿಗೆ ಬಡ್ಡಿರಹಿತ ಸಾಲ ಕೊಡುವ ನಿಧಿ ಎಷ್ಟು ಜಮಾಅತುಗಳಲ್ಲಿದೆ? ಝಕಾತ್‌ನ ಎಂಟು ಬಾಬತ್ತುಗಳಲ್ಲಿ ಸಾಲದ ಹೊರೆಗೆ ಸಿಲುಕಿದವನೂ ಒಬ್ಬನೆಂಬುದನ್ನು ಮದ್ರಸದಲ್ಲಿ ಕಂಠಪಾಠ ಮಾಡಿದ್ದೇವೆ. ವಿತರಣೆಯ ವೇಳೆ ಮಾತ್ರ ಅವನ ಪಾಳಿ ಬರುವುದೇ ಇಲ್ಲ, ಏಕೆಂದರೆ ಅವನ ಅಂಗಿ ಇನ್ನೂ ಹರಿದಿರುವುದಿಲ್ಲ. ಗುಜರಾತಿನಲ್ಲಿ ಸ್ವ-ಉದ್ಯೋಗಿ ಮಹಿಳೆಯರ ಸಂಘ 'ಸೇವಾ', ಬಿಸಿಲು ನಿಗದಿತ ಮಿತಿ ದಾಟಿದರೆ ನೇರವಾಗಿ ಹಣ ಸಿಗುವ ವಿಮೆಯನ್ನು 2023ರಿಂದ ತನ್ನ ಸದಸ್ಯೆಯರಿಗೆ ಮಾಡಿಸುತ್ತಿದೆ. ತಳ್ಳುಗಾಡಿಯವಳಿಗೂ ಹವಾಮಾನದ ನಷ್ಟವಿದೆಯೆಂದು ಅಲ್ಲಿನ ಬಡ ಹೆಂಗಸರು ಒಪ್ಪಿಸಿ ತೋರಿಸಿದ್ದಾರೆ.

2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೊಮ್ಮೆ ಕೋಡಿ ಬಿತ್ತು. ಮುಂದಿನ ಬರ ಘೋಷಣೆಗೆ ಇನ್ನೂ ಕೆಲವು ವರ್ಷ ಬಿಡುವಿರಬಹುದು, ಇಲ್ಲದೆಯೂ ಇರಬಹುದು. ಮಾರುಕಟ್ಟೆಗೆ ಬರುವ ಸರಕಿನ ಲೆಕ್ಕ ಎಪಿಎಂಸಿಗಳಲ್ಲಿ ದಿನವಹಿ ದಾಖಲಾಗುತ್ತದೆ. ಬರದ ಅಳತೆಗೋಲುಗಳ ಪಟ್ಟಿಗೆ ಅದೊಂದನ್ನು ಸೇರಿಸಲು ಹೊಸ ಉಪಗ್ರಹವೇನೂ ಬೇಕಿಲ್ಲ. ಜಿಲ್ಲೆಯ ವರ್ತಕರ ಸಂಘಗಳು, ಹಮಾಲರ ಸಂಘಗಳು, ನಮ್ಮ ಜಮಾಅತ್ ಸಮಿತಿಗಳು 2023ರ ಉದ್ರಿ ಪುಸ್ತಕಗಳನ್ನು ಒಟ್ಟುಗೂಡಿಸಿ ಜಿಲ್ಲಾಧಿಕಾರಿಗಳ ಮೇಜಿನ ಮೇಲೆ ಇಡಲಿ, ಈಗಲೇ, ಕೆರೆಯಲ್ಲಿ ನೀರಿರುವಾಗಲೇ.