ಮೀಟರಿನ ಕೆಂಪು ದೀಪ

ಎರಡು ತಿಂಗಳಿಗೊಮ್ಮೆ ನಿಮ್ಮ ಮನೆಯ ಅಂಗಳಕ್ಕೆ ಮೀಟರು ನೋಡುವವರು ಬರುತ್ತಾರೆ. ಕೈಯಲ್ಲಿರುವ ಸಣ್ಣ ಯಂತ್ರದಲ್ಲಿ ಅಂಕೆಗಳನ್ನು ಒತ್ತಿ, ಒಂದು ಚೀಟಿ ಹರಿದು ಕೊಟ್ಟು, ಮುಂದಿನ ಮನೆಗೆ ಹೋಗುತ್ತಾರೆ. ಚೀಟಿಯ ಮೊತ್ತ ಕಂಡೊಡನೆ ಮನೆಯಲ್ಲಿ ಮಾತು ಏರುತ್ತದೆ. "ರಾತ್ರಿ ಹನ್ನೊಂದರವರೆಗೆ ಲೈಟು ಉರಿಸಿದರೆ ಇನ್ನೇನಾಗುತ್ತದೆ?" ಎಂಬ ಬೈಗುಳ ಓದುತ್ತ ಕುಳಿತವರ ಪಾಲಿಗೆ ಬರುತ್ತದೆ. ನಾನೂ ಹುಡುಗನಾಗಿದ್ದಾಗ ಈ ಬೈಗುಳ ತಿಂದವನು. ದೊಡ್ಡವನಾದ ಮೇಲೆ ಬೈದವನೂ ಹೌದು. ಆದರೆ ಒಂದು ದಿನ ಪೆನ್ಸಿಲು ಹಿಡಿದು ಲೆಕ್ಕ ಹಾಕಿದಾಗ ನನಗೆ ನಾಚಿಕೆಯಾಯಿತು. ಆ ಲೆಕ್ಕವನ್ನು ಈಗ ನಿಮ್ಮ ಮುಂದೆ ಇಡುತ್ತೇನೆ.

ಒಂದು ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್ ಖರ್ಚಾಗುತ್ತದೆ. ಇಷ್ಟು ತಿಳಿದರೆ ಸಾಕು, ಉಳಿದದ್ದು ಗುಣಾಕಾರ. ನಿಮ್ಮ ಓದುವ ಮೇಜಿನ ಮೇಲಿರುವುದು 9 ವ್ಯಾಟಿನ ಎಲ್‌ಇಡಿ ಬಲ್ಬು ಎಂದುಕೊಳ್ಳಿ. ದಿನಕ್ಕೆ 4 ಗಂಟೆಯಂತೆ 60 ದಿನ ಉರಿಸಿದರೂ ಅದು ನುಂಗುವುದು 2 ಯೂನಿಟ್‌ಗಿಂತ ತುಸು ಹೆಚ್ಚು, ಅಷ್ಟೇ. ಕೊಟ್ಟಿಗೆಯಲ್ಲೋ ಬಚ್ಚಲಲ್ಲೋ ಉಳಿದುಕೊಂಡಿರುವ 60 ವ್ಯಾಟಿನ ಹಳೆಯ ತಂತಿಯ ಬಲ್ಬು ಅಷ್ಟೇ ಹೊತ್ತು ಉರಿದರೆ 14 ಯೂನಿಟ್ ದಾಟುತ್ತದೆ. ಇನ್ನು ಟಿ.ವಿ.ಯ ಪಕ್ಕದಲ್ಲಿರುವ ಪೆಟ್ಟಿಗೆಯನ್ನು ನೋಡಿ. ರಿಮೋಟಿನಿಂದ ಟಿ.ವಿ. ಆರಿಸಿದರೂ ಅದರ ಕಣ್ಣು ಮಿನುಗುತ್ತಲೇ ಇರುತ್ತದೆ. ಅದು 10 ವ್ಯಾಟ್ ಎಳೆಯುವಂಥದ್ದಾದರೆ, ಯಾರೂ ನೋಡದ 20 ಗಂಟೆಗಳಲ್ಲಿ ಎಳೆದದ್ದೇ ಎರಡು ತಿಂಗಳಿಗೆ 12 ಯೂನಿಟ್. ಅಂದರೆ ಓದುವ ದೀಪಕ್ಕಿಂತ ಐದು ಪಟ್ಟು ಹೆಚ್ಚು. ಬೈಗುಳ ಯಾರಿಗೆ ಸಲ್ಲಬೇಕಿತ್ತು?

ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. 2000 ವ್ಯಾಟಿನ ನೀರು ಕಾಯಿಸುವ ಹೀಟರು ದಿನಕ್ಕೆ ಅರ್ಧ ಗಂಟೆ ನಡೆದರೆ ಎರಡು ತಿಂಗಳಿಗೆ 60 ಯೂನಿಟ್. 75 ವ್ಯಾಟಿನ ಹಳೆಯ ಫ್ಯಾನು ದಿನಕ್ಕೆ 10 ಗಂಟೆ ತಿರುಗಿದರೆ 45 ಯೂನಿಟ್. ಹೊಸ ಬಗೆಯ 30 ವ್ಯಾಟಿನ ಫ್ಯಾನಿಗೆ 18 ಯೂನಿಟ್ ಸಾಕು. ಒಂದು ಅಶ್ವಶಕ್ತಿಯ ಪಂಪು ಗಂಟೆಗೆ ಮುಕ್ಕಾಲು ಯೂನಿಟ್‌ಗಿಂತ ಕಡಿಮೆ ತೆಗೆದುಕೊಳ್ಳುವುದಿಲ್ಲ. ಟಾಂಕಿ ತುಂಬಿ ಹರಿಯುತ್ತಿದ್ದರೂ "ಸ್ವಲ್ಪ ತಾಳು, ಆರಿಸುತ್ತೇನೆ" ಎಂದು ದಿನವೂ ಹತ್ತು ನಿಮಿಷ ಕಳೆದರೆ, ಎರಡು ತಿಂಗಳಿಗೆ ಹತ್ತು ಗಂಟೆಯ ಕರೆಂಟು ಚರಂಡಿ ಸೇರುತ್ತದೆ. ಬಾವಿಯ ನೀರೂ ಅದರ ಜತೆಗೇ ಹೋಗುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಉಳಿತಾಯವೆಂದರೆ ಕತ್ತಲೆಯಲ್ಲಿ ಕೂರುವುದಲ್ಲ. ಯಾರಿಗೂ ಉಪಯೋಗವಾಗದ ಕರೆಂಟನ್ನು ಮೊದಲು ನಿಲ್ಲಿಸಬೇಕು. ಓದುವವರ ದೀಪ, ಕಾಯಿಲೆ ಬಿದ್ದ ಅಜ್ಜಿಯ ಕೋಣೆಯ ಫ್ಯಾನು, ರಾತ್ರಿ ಅಡುಗೆಮನೆಯಲ್ಲಿ ದುಡಿಯುವ ಅಮ್ಮನ ಬೆಳಕು ಇವುಗಳ ಮೇಲೆ ಕೈ ಹಾಕುವ ಮುನ್ನ, ಬರಿದೇ ಹರಿದುಹೋಗುವುದನ್ನು ಹುಡುಕಬೇಕು.

ಹುಡುಕಿದರೆ ಸಿಗುವ ಲಾಭವೂ ಸಣ್ಣದಲ್ಲ. ನಮ್ಮ ಕೇರಳದಲ್ಲಿ ಮನೆಗಳ ವಿದ್ಯುತ್ ದರ ಮೆಟ್ಟಿಲಿನಂತೆ ಏರುತ್ತದೆ. ತಿಂಗಳ ಮೊದಲ 50 ಯೂನಿಟ್‌ಗೆ ಕಡಿಮೆ ದರ. ಮುಂದಿನ 50ಕ್ಕೆ ಅದಕ್ಕಿಂತ ಹೆಚ್ಚು. ಹೀಗೆ ಮೇಲೆ ಹೋದಷ್ಟೂ ಯೂನಿಟ್ ತುಟ್ಟಿ. ನೀವು ಉಳಿಸುವ ಯೂನಿಟ್ ಯಾವಾಗಲೂ ಮೇಲಿನ ಮೆಟ್ಟಿಲಿನದು, ಅಂದರೆ ಎಲ್ಲಕ್ಕಿಂತ ದುಬಾರಿಯದು. ತಿಂಗಳ ಬಳಕೆ 250 ಯೂನಿಟ್, ಎಂದರೆ ಎರಡು ತಿಂಗಳ ಬಿಲ್ಲಿನಲ್ಲಿ 500 ಯೂನಿಟ್ ದಾಟಿತೋ, ಮೆಟ್ಟಿಲುಗಳೇ ಮಾಯ. ಆಗ ಮೊದಲ ಯೂನಿಟ್‌ನಿಂದ ಕೊನೆಯದರವರೆಗೆ ಎಲ್ಲಕ್ಕೂ ಒಂದೇ ಹೆಚ್ಚಿನ ದರ. ಗಡಿಯ ಹತ್ತಿರವಿರುವ ಮನೆಗೆ ನಾಲ್ಕಾರು ಯೂನಿಟ್‌ಗಳೂ ಭಾರವಾಗುವುದು ಹೀಗೆ.

"ಹಣ ಕೊಡುವವರು ನಾವು, ಉರಿಸುವವರೂ ನಾವು, ಬೇರೆಯವರಿಗೇನು?" ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಗೂ ಉತ್ತರವಿದೆ. 1976ರಲ್ಲಿ ಆರಂಭವಾದ ಇಡುಕ್ಕಿ ಯೋಜನೆಯ ನೀರು ಮೂಲಮಟ್ಟಂನ ನೆಲದಡಿಯ ವಿದ್ಯುದಾಗಾರದಲ್ಲಿ ಯಂತ್ರಗಳನ್ನು ತಿರುಗಿಸುತ್ತದೆ. ಅದರ ಸಾಮರ್ಥ್ಯ 780 ಮೆಗಾವ್ಯಾಟ್. ಅಷ್ಟು ದೊಡ್ಡ ಯೋಜನೆಯಿದ್ದರೂ ರಾಜ್ಯಕ್ಕೆ ಬೇಕಾದ ವಿದ್ಯುತ್ತಿನ ಹೆಚ್ಚಿನ ಪಾಲನ್ನು ಹೊರಗಿನಿಂದ ಕೊಳ್ಳಬೇಕಾಗುತ್ತದೆ. ಮಳೆ ಕೈಕೊಟ್ಟ ವರ್ಷ ಕೊಳ್ಳುವುದು ಇನ್ನೂ ಹೆಚ್ಚು. ಸಂಜೆ 6ರಿಂದ 10ರವರೆಗೆ ಎಲ್ಲ ಮನೆಗಳಲ್ಲೂ ಒಮ್ಮೆಲೇ ಬೇಡಿಕೆ ಏರುತ್ತದೆ. ಆ ಹೊತ್ತಿನಲ್ಲಿ ಕೊಳ್ಳುವ ಕರೆಂಟು ತುಂಬ ದುಬಾರಿ. ಪಂಪು, ಇಸ್ತ್ರಿ ಪೆಟ್ಟಿಗೆ, ಬಟ್ಟೆ ಒಗೆಯುವ ಯಂತ್ರಗಳನ್ನು ಆ ನಾಲ್ಕು ಗಂಟೆ ಬಿಟ್ಟು ಹಗಲಿನಲ್ಲಿ ನಡೆಸಿದರೆ ನಿಮ್ಮ ಕೆಲಸವೇನೂ ಕೆಡುವುದಿಲ್ಲ. ಊರಿನ ಹೊರೆ ಮಾತ್ರ ಇಳಿಯುತ್ತದೆ.

ನಮ್ಮ ಕಾಸರಗೋಡಿನ ಹಿರಿಯರಿಗೆ ಈ ವಿವೇಕ ಹೊಸತಲ್ಲ. ಗುಡ್ಡದ ಹೊಟ್ಟೆಯನ್ನು ಅಡ್ಡಲಾಗಿ ಕೊರೆದು ಅವರು ಮಾಡಿದ ಸುರಂಗಗಳನ್ನು ನೀವು ನೋಡಿರಬಹುದು. ಅಲ್ಲಿ ಒಸರುವ ನೀರು ಇಳಿಜಾರಿನಲ್ಲಿ ತಾನಾಗಿ ಹರಿದು ಮನೆಗೂ ಅಡಕೆ ತೋಟಕ್ಕೂ ಬರುತ್ತದೆ. ಅದಕ್ಕೆ ಪಂಪೂ ಬೇಡ, ಬಿಲ್ಲೂ ಇಲ್ಲ. ತೆಂಗಿನ ಮಡಲು, ಅಡಕೆ ಸಿಪ್ಪೆ ಉರಿಸಿ ಬಚ್ಚಲ ಹಂಡೆಯಲ್ಲಿ ನೀರು ಕಾಯಿಸುವ ಮನೆಗಳು ಇಂದಿಗೂ ಇವೆ. ಎಲ್ಲರೂ ಹಿಂದಕ್ಕೆ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಇರುವುದನ್ನು ನೋಡಿ, ಅಳೆದು, ಬೇಕಾದಷ್ಟನ್ನೇ ಬಳಸುವ ಜಾಣತನವನ್ನು ಅವರಿಂದ ಕಲಿಯೋಣ ಎನ್ನುತ್ತಿದ್ದೇನೆ.

"ಹೊಸ ಫ್ಯಾನು, ಹೊಸ ಫ್ರಿಜ್ಜು ಕೊಳ್ಳಲು ಹಣವೆಲ್ಲಿದೆ?" ಎಂಬ ಮಾತು ನ್ಯಾಯವಾದದ್ದೇ. ಓಡುತ್ತಿರುವುದನ್ನು ಎಸೆಯಬೇಕಾಗಿಲ್ಲ. ಹಳೆಯದು ಕೆಟ್ಟು ಹೊಸದನ್ನು ತರುವಾಗ ಅದರ ಮೇಲಿನ ನಕ್ಷತ್ರಗಳನ್ನು ಎಣಿಸಿ. 2006ರಿಂದ ನಮ್ಮ ದೇಶದಲ್ಲಿ ಈ ಗುರುತು ಬಂದಿದೆ. ಒಂದೇ ಬಗೆಯ, ಒಂದೇ ಅಳತೆಯ ಉಪಕರಣಗಳಲ್ಲಿ ನಕ್ಷತ್ರ ಹೆಚ್ಚಿದ್ದರೆ ಕರೆಂಟು ಕಡಿಮೆ. ಅಲ್ಲಿಯವರೆಗೆ ಹಣ ಬೇಡದ ಕೆಲಸಗಳು ಬೇಕಾದಷ್ಟಿವೆ. ಬಿಸಿ ಸಾರಿನ ಪಾತ್ರೆಯನ್ನು ಆರಿದ ಮೇಲೆ ಫ್ರಿಜ್ಜಿನೊಳಗೆ ಇಡಿ. ಅದರ ಬಾಗಿಲಿನ ಸಂದಿಯಲ್ಲಿ ಒಂದು ಕಾಗದ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರು ಸಡಿಲವಾಗಿದೆ, ತಂಪು ಸೋರುತ್ತಿದೆ ಎಂದು ತಿಳಿಯಿರಿ. ದಿನಕ್ಕೊಂದು ಅಂಗಿಗಾಗಿ ಇಸ್ತ್ರಿ ಪೆಟ್ಟಿಗೆ ಕಾಯಿಸುವ ಬದಲು ವಾರದ ಬಟ್ಟೆಯನ್ನು ಒಮ್ಮೆಗೇ ಮುಗಿಸಿ. ಟಿ.ವಿ.ಯನ್ನು ಗೋಡೆಯ ಸ್ವಿಚ್ಚಿನಲ್ಲಿಯೇ ಆರಿಸಿ.

ಈ ಪಾಠ ಓದಿ ಮುಗಿಸಿದ ದಿನ ಒಂದು ಕೆಲಸ ಮಾಡಿ. ಮನೆಯವರ ಒಪ್ಪಿಗೆ ಪಡೆದು, ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಮೀಟರಿನ ಮುಂದೆ ಐದು ನಿಮಿಷ ನಿಲ್ಲಿ. ಅದರ ಸಣ್ಣ ಕೆಂಪು ದೀಪ ಮಿನುಗಿದಷ್ಟೂ ಸಲ ಕರೆಂಟು ಹರಿಯುತ್ತಿದೆ ಎಂದರ್ಥ. ಎಲ್ಲವನ್ನೂ ಆರಿಸಿದ ಮೇಲೂ ಅದು ಮಿನುಗಿದರೆ, ಮರೆತುಹೋದದ್ದು ಏನೋ ಇದೆ. ಹುಡುಕಿ. ಏನೂ ಸಿಗದಿದ್ದರೆ ತಂತಿಯಲ್ಲೇ ಸೋರಿಕೆಯಿರಬಹುದು; ಅದನ್ನು ಮುಟ್ಟದೆ, ಬಲ್ಲವರನ್ನು ಕರೆಸಿ. ಮೀಟರನ್ನು ಬಿಚ್ಚುವ ಸಾಹಸ ಬೇಡ. ಆಮೇಲೆ ಪ್ರತಿ ಭಾನುವಾರ ಮೀಟರಿನ ಅಂಕೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಎರಡು ತಿಂಗಳಲ್ಲಿ ಎಂಟು ಒಂಬತ್ತು ಅಂಕೆಗಳಾಗುತ್ತವೆ. ಯಾವ ವಾರ ಹೆಚ್ಚಾಯಿತು, ಏಕೆ ಹೆಚ್ಚಾಯಿತು ಎಂದು ನೀವೇ ಹೇಳಬಲ್ಲಿರಿ.

ಮುಂದಿನ ಸಲ ಚೀಟಿ ಬಂದಾಗ ಮನೆಯಲ್ಲಿ ಮಾತು ಏರಿದರೆ, ಕೋಪಿಸಿಕೊಳ್ಳದೆ ಆ ಪುಸ್ತಕವನ್ನು ತಂದು ಅಪ್ಪನ ಮುಂದಿಡಿ. ಜಗಳದ ಜಾಗದಲ್ಲಿ ಲೆಕ್ಕ ಬಂದು ಕೂರುತ್ತದೆ. ನಿಮ್ಮ ಓದುವ ದೀಪ ಅದರ ಪಾಡಿಗೆ ಉರಿಯುತ್ತಿರಲಿ.