ಹಳೆಯ ಪೋರ್ಷೆಯ ಕಾರ್ಪೆಟ್ ಕೀಳುವವರಿಗೆ

ಎಪ್ಪತ್ತು ಎಂಬತ್ತರ ದಶಕದ ಪೋರ್ಷೆ 911 ಒಂದನ್ನು ಕೊಳ್ಳುತ್ತಾರೆ. ಒಳಗಿನ ಕಾರ್ಪೆಟ್, ಹಿಂದಿನ ಸೀಟು, ರೇಡಿಯೊ, ಗಡಿಯಾರ, ಬಾಗಿಲಿನ ಪ್ಯಾಡು ಎಲ್ಲವನ್ನೂ ಕೀಳುತ್ತಾರೆ. ಬಾಗಿಲ ಹಿಡಿಕೆಯ ಜಾಗಕ್ಕೆ ಚರ್ಮದ ಪಟ್ಟಿಯೊಂದನ್ನು ಹಾಕಿ, ಸೀಟಿನ ಹಿಂದೆ ಉಕ್ಕಿನ ಕೊಳವೆಗಳ ಪಂಜರ ಕೂರಿಸಿ, ಈಗ ಕಾರು ಶುದ್ಧವಾಯಿತು ಎನ್ನುತ್ತಾರೆ. ಇವರ ಮೇಲೆ ನನಗೆ ಸಿಟ್ಟಿದೆ. ಸಾಹಿತ್ಯ ಪತ್ರಿಕೆಯಲ್ಲಿ ಕಾರಿನ ಮಾತೇಕೆ ಎಂದು ನೀವು ಕೇಳಬಹುದು. ಶುದ್ಧ, ಸರಳ, ಅಪ್ಪಟ ಎಂಬ ಪದಗಳನ್ನು ಯಾರು ಯಾವುದಕ್ಕೆ ಅಂಟಿಸುತ್ತಿದ್ದಾರೆ ಎಂದು ನೋಡುವುದು ಓದುವವರ ಕೆಲಸವೇ ಅಲ್ಲವೇ?

ಈ ಚಟದ ಮೂಲದಲ್ಲಿ ಒಂದು ನಿಜವಾದ ಕಾರಿದೆ. 1972ರ ಅಕ್ಟೋಬರಿನಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಪೋರ್ಷೆ ತೋರಿಸಿದ ಕರೇರಾ ಆರ್‌ಎಸ್ 2.7. ರೇಸಿನ ಒಂದು ವರ್ಗಕ್ಕೆ ಇಳಿಯಬೇಕಾದರೆ ಅದೇ ಮಾದರಿಯ ಕನಿಷ್ಠ 500 ಕಾರುಗಳನ್ನು ತಯಾರಿಸಬೇಕು ಎಂಬ ನಿಯಮವಿತ್ತು. ಅದಕ್ಕಾಗಿ ಹುಟ್ಟಿದ ಕಾರು ಅದು. ಹಗುರ ಮಾಡುವುದಕ್ಕೆ ಅಲ್ಲಿನ ಎಂಜಿನಿಯರುಗಳು ಪಟ್ಟ ಪಾಡು ನೋಡಿ: ತೆಳು ತಗಡು, ತೆಳು ಗಾಜು, ಹಿಂದಿನ ಸೀಟಿಲ್ಲ, ಗಡಿಯಾರವಿಲ್ಲ, ಮೂತಿಯ ಮೇಲೆ ಲೋಹದ ಲಾಂಛನದ ಬದಲು ಬರೀ ಸ್ಟಿಕ್ಕರ್. ಹಗುರ ಮಾದರಿ ಸುಮಾರು 960 ಕಿಲೋ ತೂಗುತ್ತಿತ್ತು. ಅಲ್ಲಿ ತೆಗೆದ ಒಂದೊಂದು ವಸ್ತುವಿಗೂ ತಕ್ಕಡಿಯ ಸಾಕ್ಷಿಯಿತ್ತು.

ಆದರೆ ಈ ಭಕ್ತರು ಹೇಳದ ಸಂಗತಿ ಒಂದಿದೆ. ಒಟ್ಟು ತಯಾರಾದದ್ದು 1,580 ಕಾರುಗಳು. ಅವುಗಳಲ್ಲಿ ಆ ಬೋಳು, ಹಗುರ ಮಾದರಿ 200 ಮಾತ್ರ. ಸಾವಿರದ ಮುನ್ನೂರರಷ್ಟು ಜನ ಟೂರಿಂಗ್ ಎಂಬ ಇನ್ನೊಂದು ಮಾದರಿಯನ್ನೇ ಆರಿಸಿಕೊಂಡರು. ಅಂದರೆ ಸುಮಾರು ನೂರು ಕಿಲೋ ಹೆಚ್ಚಾದರೂ ಚಿಂತೆಯಿಲ್ಲ, ಕಾರ್ಪೆಟ್ ಇರಲಿ, ಹಿಂದೆ ಮಕ್ಕಳು ಕೂರುವಷ್ಟು ಜಾಗವಿರಲಿ ಎಂದವರು. ಕಾರು ಹೊಸತಾಗಿದ್ದಾಗ, ಅದನ್ನು ದಿನವೂ ಓಡಿಸುವವರಿಗೆ ಈ ಶುದ್ಧತೆ ಬೇಡವಾಗಿತ್ತು! ಈಗ ಆ ಇನ್ನೂರು ಕಾರುಗಳ ಬೆಲೆ ಗಗನಕ್ಕೇರಿದೆ. ಹಾಗಾಗಿ ಸಾಮಾನ್ಯ 911ಕ್ಕೂ ಅದೇ ವೇಷ ತೊಡಿಸುವ ಆಸೆ.

ವೇಷ ಎಂದು ಬೇಕೆಂದೇ ಬರೆದೆ. ಕಾರ್ಪೆಟ್, ಹಿಂದಿನ ಸೀಟು, ಸದ್ದಡಗಿಸುವ ಹಾಸು ತೆಗೆದರೆ ಒಂದಷ್ಟು ಕಿಲೋ ಕಮ್ಮಿಯಾಗುತ್ತದೆ, ನಿಜ. ಮರುಗಳಿಗೆಯೇ ಹತ್ತಾರು ಕಿಲೋದ ಪಂಜರ ಒಳಗೆ ಬರುತ್ತದೆ. ಅದರ ಕೊಳವೆಗಳಿಗೆ ಕಾರಿನ ಬಣ್ಣಕ್ಕೆ ಹೊಂದುವ ಲೇಪ. ಬೋಳಾಗಿ ಕಂಡ ಬಾಗಿಲಿಗೆ ಹೊಲಿಗೆ ಹಾಕಿದ ಹೊಸ ಚರ್ಮ. ಬೇಸಿಗೆಗೆ ಏಸಿ ಬೇಡವೇ? ಅದೂ ಇರಲಿ. ಕೊನೆಗೆ ತೂಕ ಎಲ್ಲಿತ್ತೋ ಅಲ್ಲಿಗೇ ಬಂದು ನಿಂತಿರುತ್ತದೆ, ಖರ್ಚು ಮಾತ್ರ ಮೊದಲಿನ ಒಳಾಂಗಣವನ್ನು ದುರಸ್ತಿ ಮಾಡುವುದಕ್ಕಿಂತ ಹೆಚ್ಚು. ಉಪವಾಸದ ದಿನ ಹೋಳಿಗೆ ಸಮೇತ ಫಲಾಹಾರ ಮಾಡಿದ ಹಾಗೆ.

ಪಂಜರದ ವಿಚಾರದಲ್ಲಿ ಸಿಟ್ಟು ಸಾಲದು, ಭಯವೂ ಬೇಕು. ರೇಸಿನಲ್ಲಿ ಓಡಿಸುವವನ ತಲೆಗೆ ಹೆಲ್ಮೆಟ್ ಇರುತ್ತದೆ, ಭುಜ ಸೊಂಟಗಳನ್ನು ಬೆಲ್ಟುಗಳು ಸೀಟಿಗೆ ಬಿಗಿದಿರುತ್ತವೆ. ಅಷ್ಟಿದ್ದರೆ ಮಾತ್ರ ಉಕ್ಕಿನ ಕೊಳವೆ ಜೀವ ಉಳಿಸುತ್ತದೆ. ಭಾನುವಾರ ಕಾಫಿಗೆ ಹೊರಟವನ ಬರಿದಲೆಯ ಪಕ್ಕದಲ್ಲಿ, ಒಂದೆರಡು ಗೇಣು ದೂರದಲ್ಲಿ ಅದೇ ಕೊಳವೆ ಇದ್ದರೆ, ಸಣ್ಣ ಡಿಕ್ಕಿಯಲ್ಲೂ ತಲೆ ಹೋಗಿ ಬಡಿಯುವುದು ಅದಕ್ಕೇ.

ನಿಜವಾಗಿ ಟ್ರ್ಯಾಕಿಗೆ ಇಳಿಸುವವರೊಡನೆ ನನ್ನ ಜಗಳವಿಲ್ಲ. ಅವರು ಡ್ಯಾಶ್‌ಬೋರ್ಡನ್ನೇ ಕಿತ್ತುಹಾಕಲಿ. 1987ರ ಫೆರಾರಿ ಎಫ್40 ಒಳಗೂ ಕಾರ್ಪೆಟ್ ಇರಲಿಲ್ಲ, ಬಾಗಿಲು ತೆರೆಯಲು ಎಳೆಯುವ ತಂತಿಯಷ್ಟೇ ಇತ್ತು. ಅದನ್ನು ಕಂಡರೆ ನನಗೆ ಗೌರವ, ಯಾಕೆಂದರೆ ಅದನ್ನು ಕಟ್ಟಿದ್ದೇ ಹಾಗೆ. ಹುಟ್ಟಿನಿಂದ ಬೋಳಾಗಿರುವುದು ಬೇರೆ, ತುಂಬಿದ್ದನ್ನು ಬೋಳಿಸುವುದು ಬೇರೆ. ಹಳೆಯ ಕಾದಂಬರಿಯೊಂದರ ವರ್ಣನೆಗಳನ್ನೆಲ್ಲ ಹೊಡೆದುಹಾಕಿ, ಸಂಭಾಷಣೆಯಷ್ಟನ್ನೇ ಉಳಿಸಿ, ಇದೇ ಲೇಖಕರ ನಿಜವಾದ ಕೃತಿ ಎಂದು ಯಾರಾದರೂ ಅಚ್ಚುಹಾಕಿದರೆ ನಾವು ಸುಮ್ಮನಿರುತ್ತೇವೆಯೇ?

ಅವರ ಕಾರು, ಅವರ ದುಡ್ಡು, ನಿನಗೇನು ಎನ್ನುವವರೂ ಇದ್ದಾರೆ. ಕಾನೂನಿನ ಪ್ರಕಾರ ಸರಿ. ಆದರೆ ಕಿತ್ತು ಎಸೆಯುವ ಆ ಪೆಪಿಟಾ ಬಟ್ಟೆಯ ಸೀಟಿದೆಯಲ್ಲ, ಕಪ್ಪು ಬಿಳುಪು ಚೌಕಳಿಯದ್ದು, ಅದನ್ನು ಸ್ಟುಟ್‌ಗಾರ್ಟಿನಲ್ಲಿ ಯಾರೋ ಕೂತು ಹೊಲಿದಿದ್ದರು. ಹಿಂದಿನ ಆ ಪುಟ್ಟ ಸೀಟಿನ ಮೇಲೆ ಯಾರದೋ ಮಗು ನಿದ್ದೆ ಹೋಗಿರುತ್ತದೆ, ಬಾಗಿಲಿನ ಜೇಬಿನ ಅಂಚು ಯಾರದೋ ಕೈ ತಾಗಿ ತಾಗಿ ನುಣುಪಾಗಿರುತ್ತದೆ. ಎಂಜಿನ್ ಯಾವತ್ತಾದರೂ ಹೊಸದಾಗಿ ಕಟ್ಟಿಸಬಹುದು. ಹಾಗೆ ಸವೆದ ಬಟ್ಟೆಯನ್ನು ಯಾವ ಅಂಗಡಿಯಲ್ಲಿ ಕೊಳ್ಳುತ್ತೀರಿ?

ಇಷ್ಟಾದರೂ ಕೀಳಲೇಬೇಕು ಎನ್ನುವವರಿಗೆ ಎರಡು ಮಾತು. ಪಂಜರವನ್ನು ವೆಲ್ಡ್ ಮಾಡಿಸಬೇಡಿ, ನೆಲಕ್ಕೆ ಹೊಸ ತೂತು ಕೊರೆಯಬೇಡಿ. ಬಿಚ್ಚಿದ ಒಂದೊಂದು ಭಾಗಕ್ಕೂ ಚೀಟಿ ಕಟ್ಟಿ, ಸ್ಕ್ರೂಗಳನ್ನು ಡಬ್ಬಿಗೆ ಹಾಕಿ, ಎಲ್ಲವನ್ನೂ ಒಣಗಿದ ಜಾಗದಲ್ಲಿ ಇಟ್ಟು, ಕಾರು ಮಾರುವ ದಿನ ಅದರ ಜೊತೆಗೇ ಕೊಟ್ಟುಬಿಡಿ.